ಕೆರೆಯಂಗಳದ ಹಿಂಗಾರಿ ಬೆಳೆ

ಪ್ರಶ್ನೆ: ಲಕ್ಷ್ಮೇಶ್ವರದ ಕಡೆಯ ಹಳ್ಳಿ ನಮ್ಮದು. ದೀಪಾವಳಿ ಮುಗಿದ ಮೇಲೆ ಊರ ಕೆರೆಯ ನೀರು ಹಿಂದೆ ಸರಿದಲ್ಲೆಲ್ಲ ಮಖಮಲ್ಲು ಹಾಸಿದಂತೆ ಹಸಿರು ಬರುತ್ತದೆ. ಬಗ್ಗಿ ನೋಡಿದರೆ ಗುಂಡುಸೂಜಿಯಂಥ ಕಡ್ಡಿಗಳು, ತುದಿಯಲ್ಲಿ ಸಣ್ಣ ಗುಂಡು. ಸ್ವಲ್ಪ ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿ ಮಾಯವಾಗುತ್ತದೆ. ಹೋದ ಬೇಸಿಗೆಯಲ್ಲಿ ಅದೇ ಕೆರೆಯ ಹೂಳನ್ನು ಹೊಲಕ್ಕೆ ಹಾಕಿಸಿದ್ದೆ. ಈಗ ಈರುಳ್ಳಿ ಸಸಿಯ ಮಡಿಗಳ ಮೇಲೆ ಅದೇ ಹಸಿರು ಎದ್ದಿದೆ. ಗೊಬ್ಬರದ ಅಂಗಡಿಯವರು ಮೈಲುತುತ್ತ (ತಾಮ್ರದ ಸಲ್ಫೇಟ್) ಹೊಡೆಯಿರಿ ಎನ್ನುತ್ತಾರೆ. ಪಾಚಿ ಬಂತೆಂದರೆ ಭೂಮಿ ಹುಳಿಯಾಗಿದೆ ಎಂದೇ ಅರ್ಥ, ಸುಣ್ಣ ಹಾಕು ಎನ್ನುತ್ತಾರೆ ನಮ್ಮ ತಂದೆ. ಒಂಬತ್ತನೆಯ ತರಗತಿಯ ಮಗಳು ಇದು ಪಾಚಿಯೇ ಅಲ್ಲ, ಹಾವಸೆ ಎಂದು ಪಾಠದ ಪುಸ್ತಕ ತೋರಿಸುತ್ತಾಳೆ. ಯಾರ ಮಾತು ಕೇಳಲಿ? ಮೂರು ಫೋಟೊ ಕಳುಹಿಸಿದ್ದೇನೆ.

ಉತ್ತರ: ಮಗಳ ಮಾತು ಕೇಳಿ. ಮೈಲುತುತ್ತದ ಪೊಟ್ಟಣವನ್ನು ಆಗಲೇ ತಂದಿದ್ದರೆ ಒಡೆಯದೆ ಅಂಗಡಿಗೆ ಹಿಂದಿರುಗಿಸಿ. ತಂದೆಯವರಿಗೆ ಮಾತ್ರ ಸಮಾಧಾನದಿಂದ ಹೇಳಬೇಕಾಗುತ್ತದೆ. ಅವರ ಮಾತಿನಲ್ಲೂ ಒಂದೆಳೆ ನಿಜವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೆಸರಿನ ಗೊಂದಲ. ನಮ್ಮ ಕಡೆ ಬಾವಿಯ ಮೆಟ್ಟಿಲ ಮೇಲಿನ ಜಾರಿಕೆಯೂ ಪಾಚಿ, ಕೆರೆಯಲ್ಲಿ ತೇಲುವ ಹಸಿರು ನೂಲೂ ಪಾಚಿ, ಮಳೆಗಾಲದಲ್ಲಿ ಮಾಳಿಗೆಯ ಅಂಚಿಗೆ ಕಟ್ಟುವ ಮೆತ್ತೆಯೂ ಪಾಚಿ. ಸಸ್ಯಶಾಸ್ತ್ರದಲ್ಲಿ ಇವು ಒಂದೇ ಮನೆಯವಲ್ಲ. ನೀರಿನ ನೂಲು ಶೈವಲ, ನಿಜವಾದ ಪಾಚಿ. ಮಳೆಯಾದ ಮೇಲೆ ನೆಲದ ಮೇಲೆ ಲೋಳೆ ಲೋಳೆಯಾಗಿ ಉಬ್ಬುವುದು ನಾಸ್ಟಾಕ್ ಎಂಬ ನೀಲಿಹಸಿರು ಬ್ಯಾಕ್ಟೀರಿಯ, ಅದು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವ ಉಪಕಾರಿ. ಮಾಳಿಗೆಯ ಮೆತ್ತೆಗೂ ನಿಮ್ಮ ಕೆರೆಯ ಮಖಮಲ್ಲಿಗೂ ಕಾಂಡವಿದೆ, ಎಲೆಯಿದೆ. ಅದು ಹಾವಸೆ. ಪರೀಕ್ಷೆ ಸುಲಭ: ಚಿಟಿಕೆಯಷ್ಟು ಕಿತ್ತು ಹೆಬ್ಬೆರಳಿನಲ್ಲಿ ತಿಕ್ಕಿ. ಜಾರಿದರೆ ಪಾಚಿ, ಒದ್ದೆ ಉಣ್ಣೆಯಂತೆ ತೊಡರಿದರೆ ಹಾವಸೆ.

ನಿಮ್ಮ ಮೊದಲೆರಡು ಫೋಟೊಗಳಲ್ಲಿ ಹಸಿರು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಮೂರನೆಯದು ಮಗಳು ಮೊಬೈಲಿಗೆ ಮಸೂರ ಒತ್ತಿ ಹಿಡಿದು ತೆಗೆದದ್ದಿರಬೇಕು, ಅದರಲ್ಲಿ ಎಲ್ಲವೂ ಇದೆ. ಅಗಲವಾದ ಮೆದು ಎಲೆಗಳ ಒಂದು ಪುಟ್ಟ ಗೊಂಚಲು, ನಡುವಿನಿಂದ ನೆಟ್ಟಗೆ ಎದ್ದ ಕಡ್ಡಿ, ಅದರ ತುದಿಯಲ್ಲಿ ಗಸಗಸೆಗಿಂತ ತುಸು ದೊಡ್ಡದಾದ, ಸಾಸಿವೆಗಿಂತ ಸಣ್ಣದಾದ ಬುರುಡೆ. ಕೆಲವು ಬುರುಡೆಗಳ ಮೇಲೆ ಚೂಪು ಮೂತಿಯ ಟೊಪ್ಪಿಗೆ ಕುಳಿತಿದೆ. ಇನ್ನು ಕೆಲವು ಟೊಪ್ಪಿಗೆಯನ್ನೂ ಮುಚ್ಚಳವನ್ನೂ ಕಳೆದುಕೊಂಡು ಬಾಯಗಲಿಸಿ ನಿಂತಿವೆ, ನೀರು ತುಂಬಲು ಇಟ್ಟ ತಂಬಿಗೆಗಳ ಹಾಗೆ. ತಂಬಿಗೆಯ ಅಂಚು ನುಣುಪಾಗಿದೆ, ಹಲ್ಲುಗಳಿಲ್ಲ. ಇಷ್ಟು ಸಾಕು. ಇದು ಫಿಸ್ಕೊಮಿಟ್ರಿಯಮ್ ಕುಲದ ಹಾವಸೆ. ಗ್ರೀಕಿನಲ್ಲಿ ಆ ಹೆಸರಿಗೆ ಗಾಳಿ ತುಂಬಿದ ಚೀಲದಂಥ ಟೊಪ್ಪಿಗೆ ಎಂದು ಅರ್ಥ ಬರುತ್ತದೆ. ಭಾರತದ ಹಲವೆಡೆ ದಾಖಲಾಗಿರುವ ಒಂದು ಜಾತಿಗೆ ವಿಲಿಯಂ ಮಿಟನ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ 1859ರಲ್ಲಿ ಸಯಾಥಿಕಾರ್ಪಮ್ ಎಂದು ಹೆಸರಿಟ್ಟ, ಅಂದರೆ ಬಟ್ಟಲುಗಾಯಿಯದು. ಒಣಗಿದ ಮಾದರಿಗಳನ್ನು ಎದುರಿಗಿಟ್ಟುಕೊಂಡು ಹೆಸರಿಟ್ಟವನ ಕಣ್ಣಿಗೂ ಬಟ್ಟಲೇ ಕಂಡಿತ್ತೆಂಬುದು ನನಗೆ ಖುಷಿಯ ಸಂಗತಿ.

ಹಾವಸೆ ನೋಡುವ ಚಟ ಹತ್ತಿದವರ ಪಾಡು ನಗೆಪಾಟಲಿನದು. ಒಮ್ಮೆ ಧಾರವಾಡದ ಕೆಲಗೇರಿ ಕೆರೆಯ ಅಂಚಿನಲ್ಲಿ ಮೊಣಕಾಲೂರಿ, ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿದ್ದೆ. ಬೆಳಗಿನ ವಾಯುವಿಹಾರಕ್ಕೆ ಬಂದ ಹಿರಿಯರೊಬ್ಬರು ನಿಂತು, ‘ಏನು ಕಳೆದುಕೊಂಡಿರಿ ಸರ್, ಉಂಗುರವೇ?’ ಎಂದು ಕೇಳಿದರು. ಕೈಗೆ ಮಸೂರ ಕೊಟ್ಟೆ. ಅಕ್ಕಸಾಲಿಗರು ಬಳಸುವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಾಮಾನ್ಯ ಮಸೂರ. ಅವರು ಕಾಲು ಗಂಟೆ ಮೇಲೇಳಲಿಲ್ಲ. ಎದ್ದ ಮೇಲೆ ಹೇಳಿದ್ದು ಒಂದೇ ಮಾತು: ‘ಕೂಸಿಗೆ ಕುಂಚಿಗೆ ಕಟ್ಟಿದಂತಿದೆ.’

ಆ ಹಿರಿಯರು ಸಸ್ಯಶಾಸ್ತ್ರ ಓದಿದವರಲ್ಲ, ಆದರೆ ಅವರ ಹೋಲಿಕೆ ನಮ್ಮ ಪಠ್ಯಗಳಿಗಿಂತ ನಿಖರವಾಗಿತ್ತು. ನೀವು ಕಂಡ ಹಸಿರು ಎಲೆಯ ಗೊಂಚಲು ತಾಯಿ. ಕಡ್ಡಿಯೂ ಬುರುಡೆಯೂ ಸೇರಿ ಅದರ ಕೂಸು. ಅದು ತಾಯಿಯ ಒಂದು ಭಾಗವಲ್ಲ, ಇನ್ನೊಂದು ತಲೆಮಾರು. ತಾಯಿಯ ಜೀವಕೋಶಗಳಲ್ಲಿ ವರ್ಣತಂತುಗಳ ಒಂದು ಕಟ್ಟು ಇದ್ದರೆ ಕೂಸಿನಲ್ಲಿ ಎರಡು ಕಟ್ಟು. ಕೂಸು ನೆಲಕ್ಕೆ ಇಳಿಯುವುದೇ ಇಲ್ಲ, ಜೀವನವಿಡೀ ತಾಯಿಯ ಮೇಲೆಯೇ ನಿಂತು ಅವಳಿಂದ ಉಣ್ಣುತ್ತದೆ. ಇನ್ನು ಟೊಪ್ಪಿಗೆ. ಅದು ಕೂಸಿನದಲ್ಲ, ತಾಯಿಯದು. ಅಂಡವನ್ನು ಹೊತ್ತಿದ್ದ ಹೂಜಿಯಾಕಾರದ ಅಂಗವೇ ಕೂಸಿನ ಜತೆ ಬೆಳೆದು, ಬುಡದಲ್ಲಿ ಹರಿದು, ಅದರ ತಲೆಯೇರಿ ಕುಳಿತಿರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಎಂದು ನಾವು ಅವಸರದವರನ್ನು ಗೇಲಿ ಮಾಡುತ್ತೇವೆ. ಹಾವಸೆ ಮಾಡುವುದು ಅಕ್ಷರಶಃ ಅದನ್ನೇ. ಕೂಸು ಹುಟ್ಟುವ ಮೊದಲೇ ಕುಲಾವಿಯ ಬಟ್ಟೆ ಸಿದ್ಧವಿರುತ್ತದೆ.

ಆ ಕುಲಾವಿ ಅಲಂಕಾರಕ್ಕೆಂದು ಇರುವುದಲ್ಲ. ಇದೇ ಮನೆತನದ ಫ್ಯೂನೇರಿಯ ಹೈಗ್ರೊಮೆಟ್ರಿಕ ಎಂಬ ಹಾವಸೆಯ ಟೊಪ್ಪಿಗೆಯ ಮೇಲೆ ತೆಳುವಾದ ಮೇಣದ ಪದರವಿದೆ. ಅದನ್ನು ತೆಗೆದು ಒಣಹವೆಯಲ್ಲಿಟ್ಟು ನೋಡಿದಾಗ ಎಳೆಯ ಕೂಸುಗಳು ಸೊರಗಿದವು, ಬದುಕಿದವೂ ಕಡಿಮೆ ಬೀಜಕಣ (ಬೀಜದ ಬದಲು ಹಾವಸೆ ಚೆಲ್ಲುವ ಪುಡಿಯಂಥ ಕಣ) ಕೊಟ್ಟವು. ಬೆಳೆಯುವ ತುದಿ ಒಣಗದಂತೆ ತಾಯಿ ಹೊದಿಸಿದ ಸೆರಗು ಅದು. (ಫ್ಯೂನೇರಿಯವನ್ನೂ ನೀವು ನೋಡಿರುತ್ತೀರಿ. ಬೆಂಕಿ ಉರಿಸಿದ ಜಾಗ, ಬೂದಿ ಬಿದ್ದ ನೆಲ ಅದಕ್ಕೆ ಇಷ್ಟ. ಅದರ ಕಡ್ಡಿ ಗಾಳಿಯ ತೇವಕ್ಕೆ ತಕ್ಕಂತೆ ಹಗ್ಗದಂತೆ ಹುರಿಗೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಒಣ ಕಡ್ಡಿಯ ಮೇಲೆ ಬಾಯುಸಿರು ಬಿಟ್ಟರೆ ತಿರುಗುವುದು ಕಣ್ಣಿಗೇ ಕಾಣುತ್ತದೆ.)

ಈಗ ನಿಮ್ಮ ಕೆರೆಗೆ ಬರೋಣ. ಎರೆ ಭೂಮಿಯ ರೈತರಿಗೆ ಈ ಹಾವಸೆಯ ಬದುಕನ್ನು ವಿವರಿಸುವುದು ಸುಲಭ, ಏಕೆಂದರೆ ಇದು ಹಿಂಗಾರಿ ಬೆಳೆ. ಮಳೆ ನಿಂತ ಮೇಲೆ ನೆಲದಲ್ಲುಳಿದ ಹಸಿಯನ್ನೇ ನಂಬಿ ನೀವು ಜೋಳ, ಕಡಲೆ, ಕುಸುಬೆ ಬಿತ್ತುತ್ತೀರಿ. ಹಸಿ ಆರುವುದರೊಳಗೆ ಕಾಳು ಕಟ್ಟಬೇಕು, ಇಲ್ಲವೆಂದರೆ ಇಲ್ಲ. ಫಿಸ್ಕೊಮಿಟ್ರಿಯಮ್‌ನ ಲೆಕ್ಕವೂ ಅದೇ, ಅವಧಿ ಮಾತ್ರ ಇನ್ನೂ ಗಿಡ್ಡ. ನೀರಿನಡಿ ಇರುವಷ್ಟು ದಿನ ಅದು ಏಳಲಾರದು. ಮಣ್ಣು ಒಣಗಿ ಬಿರುಕು ಬಿಟ್ಟ ಮೇಲೆ ಬದುಕಲಾರದು. ಇವೆರಡರ ನಡುವಿನ ಕೆಲವು ವಾರಗಳಲ್ಲಿ ಮೊಳೆತು, ಎಲೆಬಿಟ್ಟು, ಕೂಡಿ, ಕೂಸು ಹೆತ್ತು, ಬೀಜಕಣ ಚೆಲ್ಲಿ ಮುಗಿಸಬೇಕು. ಹಾಗಾಗಿ ಅದು ಕಾಂಡಕ್ಕೆ ಖರ್ಚು ಮಾಡುವುದಿಲ್ಲ, ಗಿಡ ಕೆಲವು ಮಿಲಿಮೀಟರಿಗೆ ನಿಲ್ಲುತ್ತದೆ. ಎಲೆ ಹೆಚ್ಚಿನ ಕಡೆ ಒಂದೇ ಜೀವಕೋಶದಷ್ಟು ತೆಳು. ಬೇರೆಂಬುದು ಇಲ್ಲವೇ ಇಲ್ಲ, ಹಿಡಿದುಕೊಳ್ಳಲು ಕೂದಲಿನಂಥ ಎಳೆಗಳಿವೆ. ನೀರೂ ಲವಣವೂ ಎಲೆಯ ಮೈಯಿಂದಲೇ ಒಳಹೋಗುತ್ತವೆ.

ಕೂಡುವುದಕ್ಕೂ ನೀರೇ ಬೇಕು. ಹಾವಸೆಯ ಗಂಡು ಕಣಕ್ಕೆ ಎರಡು ಬಾಲಗಳಿವೆ, ಈಜಿಕೊಂಡೇ ಅಂಡವನ್ನು ಸೇರಬೇಕು. ಗಂಡು ಹೆಣ್ಣು ಬೇರೆ ಬೇರೆ ಗಿಡಗಳಲ್ಲಿರುವ ಹಾವಸೆಗಳಿಗೆ ಇದು ದೊಡ್ಡ ಸಂಕಟ, ಎರಡು ಸೆಂಟಿಮೀಟರೆಂದರೆ ಅವಕ್ಕೆ ಸಮುದ್ರ. ಮಾಳಿಗೆಯ ಅಂಚಿನಲ್ಲಿ ಬೆಳ್ಳಿ ಬಣ್ಣಕ್ಕೆ ಬೆಳೆಯುವ ಬ್ರಯಮ್ ಅರ್ಜೆಂಟಿಯಮ್ ಅಂಥದ್ದು. ಸ್ವೀಡನ್ನಿನಲ್ಲಿ ಅದರ ಗಂಡು ಹೆಣ್ಣು ಮೆತ್ತೆಗಳನ್ನು ದೂರ ದೂರ ಇಟ್ಟು, ನಡುವೆ ನೆಗೆಹುಳುಗಳನ್ನೂ ನುಸಿಗಳನ್ನೂ ಬಿಟ್ಟು ನೋಡಿದರು. ಹುಳುಗಳಿದ್ದ ಕಡೆ ಕೂಸು ಕಟ್ಟಿತು, ಇಲ್ಲದ ಕಡೆ ಇಲ್ಲ. 2006ರಲ್ಲಿ ಅದು ಪ್ರಕಟವಾದಾಗ, ಹೂವಿಗೆ ದುಂಬಿಯಂತೆ ಹಾವಸೆಗೂ ದಲ್ಲಾಳಿಗಳಿದ್ದಾರೆಂದು ಜಗತ್ತಿಗೆ ತಿಳಿಯಿತು. ನಿಮ್ಮ ಕೆರೆಯ ಹಾವಸೆಗೆ ಅಷ್ಟು ಕಾಯುವ ವ್ಯವಧಾನ ಎಲ್ಲಿದೆ? ಅದು ಗಂಡು ಹೆಣ್ಣು ಎರಡನ್ನೂ ಒಂದೇ ಗಿಡದಲ್ಲಿಟ್ಟುಕೊಂಡಿದೆ. ಒಂದು ರಾತ್ರಿಯ ಇಬ್ಬನಿ ಸಾಕು. ನಿಮ್ಮ ಫೋಟೊದಲ್ಲಿ ಹೆಚ್ಚುಕಡಿಮೆ ಪ್ರತಿ ಗಿಡಕ್ಕೂ ಒಂದು ಬುರುಡೆ ಇರುವುದು ಅದಕ್ಕೇ.

ಬೀಜಕಣ ಚೆಲ್ಲಿದ ಮೇಲೆ ಗಿಡ ಕಂದಾಗುತ್ತದೆ. ನೀವು ಮಾಯವಾಯಿತು ಎಂದಿರಿ. ಅದು ಎಲ್ಲಿಯೂ ಹೋಗಿಲ್ಲ, ಮಣ್ಣಿನಲ್ಲಿದೆ. ಒಂದೊಂದು ಬುರುಡೆಯಿಂದ ಸಾವಿರಾರು ಕಣಗಳು ಬೀಳುತ್ತವೆ. ಬೇಸಿಗೆಯಲ್ಲಿ ಎರೆ ಮಣ್ಣು ಕೈ ಇಳಿಯುವಷ್ಟು ಬಿರುಕು ಬಿಟ್ಟಾಗ ಮೇಲಿನ ಪುಡಿಮಣ್ಣಿನೊಂದಿಗೆ ಅವೂ ಒಳಗೆ ಬೀಳುತ್ತವೆ. ಮಳೆಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಎರೆ ಭೂಮಿ ತನ್ನನ್ನು ತಾನೇ ಉಳುತ್ತದೆ ಎನ್ನುವುದು ಇದಕ್ಕೇ. ಹೀಗೆ ಪ್ರತಿ ವರ್ಷ ಒಂದಿಷ್ಟು ಕಣಗಳು ಆಳಕ್ಕೆ ಇಳಿದು, ನೆಲದಡಿಯ ಹಗೇವಿನಲ್ಲಿಟ್ಟ ಜೋಳದಂತೆ ಕತ್ತಲಲ್ಲಿ ಕಾಯುತ್ತ ಕೂರುತ್ತವೆ. ಮೊಳೆಯಲು ಅವಕ್ಕೆ ತೇವವಷ್ಟೇ ಸಾಲದು, ಬೆಳಕೂ ಬೇಕು.

ನಿಮ್ಮ ಈರುಳ್ಳಿ ಮಡಿಯ ಒಗಟು ಬಿಡಿಸಿಕೊಳ್ಳುವುದು ಇಲ್ಲಿಯೇ. ಜೆಸಿಬಿ ಕೆರೆಯ ಹಗೇವನ್ನು ತೆರೆಯಿತು, ಟ್ರ್ಯಾಕ್ಟರ್ ಅದನ್ನು ಹೊಲಕ್ಕೆ ತಂದಿತು, ನೀವು ಅದನ್ನು ಮಡಿಯ ಮೇಲೆ ಹರಡಿ ದಿನವೂ ನೀರು ಕೊಟ್ಟಿರಿ. ಬಿಸಿಲು ಇಳಿದ ಕಾರ್ತಿಕದ ತಂಪು ಬೇರೆ. ಕೆರೆಯಂಚಿನಲ್ಲಿ ಸಿಗುವ ಸೌಕರ್ಯಗಳೆಲ್ಲ ಸಿಕ್ಕಿದ ಮೇಲೆ ಹಾವಸೆ ಏಳದೆ ಇರುತ್ತದೆಯೇ? ಮೊದಲ ವಾರ ಅದು ಹಸಿರು ನೂಲಿನ ಬಲೆಯಾಗಿ ಹರಡಿರುತ್ತದೆ. ಆಗ ನೋಡಿದವರು ಪಾಚಿಯೆಂದೇ ಆಣೆಯಿಡುತ್ತಾರೆ, ನಿಮ್ಮ ತಂದೆಯವರ ತಪ್ಪಿಲ್ಲ. ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಮಗಳು ಆ ನೂಲನ್ನು ಒಂದು ಹನಿ ನೀರಿನಲ್ಲಿಟ್ಟು ನೋಡಲಿ. ಕೆಲವು ಎಳೆಗಳಲ್ಲಿ ಕೋಶ ಕೋಶಗಳ ನಡುವಿನ ಗೋಡೆ ಅಡ್ಡಕ್ಕೆ ನೇರವಾಗಿರದೆ ಓರೆಯಾಗಿ ಕಂಡರೆ, ಅದು ಹಾವಸೆಯ ಎಳವೆ.

ಬೆಳೆಗೆ ತೊಂದರೆಯೇ? ಇಲ್ಲ. ಅದು ಯಾರ ಬೇರನ್ನೂ ಹೀರುವುದಿಲ್ಲ, ಅದರ ಎಳೆಗಳು ಇಳಿಯುವುದು ಮಣ್ಣಿನ ಮೇಲ್ಪದರಕ್ಕಷ್ಟೇ. ಈರುಳ್ಳಿಗೆ ನೀವು ಕೊಟ್ಟ ಗೊಬ್ಬರದಲ್ಲಿ ಅದು ತಿನ್ನುವ ಪಾಲು ಕಾಗೆಯ ಪಿಂಡಕ್ಕೂ ಸಮವಲ್ಲ. ತಂದೆಯವರ ಮಾತಿನ ನಿಜ ಇರುವುದು ಇಲ್ಲಿ: ಹಾವಸೆ ಎದ್ದಿದೆಯೆಂದರೆ ಮಣ್ಣು ಏನನ್ನೋ ಹೇಳುತ್ತಿದೆ. ಆದರೆ ಅದು ಹೇಳುತ್ತಿರುವುದು ಹುಳಿಯ ಸುದ್ದಿಯಲ್ಲ, ನೀರಿನದು. ಮಡಿಯ ಮೇಲ್ಮೈ ಹಗಲಿಡೀ ಒದ್ದೆಯಾಗಿಯೇ ಇದೆ. ಹಾಗೆ ಇದ್ದರೆ ಈರುಳ್ಳಿ ಸಸಿಗಳು ಬುಡದಲ್ಲಿ ಕೊಳೆತು ಮಲಗುತ್ತವೆ. ಹಾಗೆ ಕೊಳೆಸುವ ಶಿಲೀಂಧ್ರವನ್ನು ತಂದದ್ದು ಹಾವಸೆಯಲ್ಲ, ಇಬ್ಬರೂ ಒಂದೇ ಒದ್ದೆಗೆ ಬಂದ ನೆಂಟರು. ನೀರನ್ನು ಬೆಳಿಗ್ಗೆ ಒಮ್ಮೆ ಕೊಡಿ, ಮೇಲ್ಮಣ್ಣು ಬಣ್ಣ ತಿಳಿಯಾಗುವವರೆಗೆ ಮತ್ತೆ ಕೊಡಬೇಡಿ, ಸಾಲುಗಳ ನಡುವೆ ಕುರ್ಪಿಯಿಂದ ತೆಳುವಾಗಿ ಕೆದಕಿ. ವಾರದಲ್ಲಿ ಹಸಿರು ಹೋಗುತ್ತದೆ.

ಸುಣ್ಣದ ಮಾತು. ಹಾವಸೆಯೆಂದರೆ ಹುಳಿ ಎಂಬ ನಂಬಿಕೆಗೆ ಮೂಲ ಬಹುಶಃ ಸ್ಫ್ಯಾಗ್ನಮ್. ಚಳಿ ಪ್ರದೇಶದ ಜೌಗುಗಳಲ್ಲಿ ಬೆಳೆಯುವ, ತನ್ನ ಒಣತೂಕದ ಇಪ್ಪತ್ತು ಪಟ್ಟು ನೀರು ಹಿಡಿಯಬಲ್ಲ ಆ ಹಾವಸೆ ಸುತ್ತಲಿನ ನೀರನ್ನು ನಿಜಕ್ಕೂ ಹುಳಿ ಮಾಡುತ್ತದೆ. ಹುಬ್ಬಳ್ಳಿಯ ನರ್ಸರಿಗಳಲ್ಲಿ ಆರ್ಕಿಡ್ ಕುಂಡಕ್ಕೆಂದು ‘ಮಾಸ್’ ಹೆಸರಲ್ಲಿ ಮಾರುವುದು ಅದನ್ನೇ. ನಿಮ್ಮ ಹೊಲದ ಹಾವಸೆಗೆ ಆ ಗುಣವಿಲ್ಲ. ಎರೆ ಮಣ್ಣು ಹೇಗೂ ಕ್ಷಾರದ ಕಡೆಗಿರುವುದು, ಅಗೆದರೆ ಸುಣ್ಣದ ಹರಳುಗಳು ಸಿಗುತ್ತವೆ. ಅದಕ್ಕೆ ಇನ್ನಷ್ಟು ಸುಣ್ಣ ಸುರಿದರೆ ಕಬ್ಬಿಣ, ಸತುವು ಬೆಳೆಗೆ ಸಿಗದಂತೆ ಮಣ್ಣಿನಲ್ಲೇ ಬಿಗಿದುಕೊಳ್ಳುತ್ತವೆ, ಸಸಿಯ ಎಲೆ ಹಳದಿಯಾಗುತ್ತದೆ.

ಮೈಲುತುತ್ತಕ್ಕೆ ನಾನು ವಿರೋಧಿಯಲ್ಲ. ಸುಣ್ಣದೊಂದಿಗೆ ಬೆರೆಸಿ ಬೋರ್ಡೊ ದ್ರಾವಣ ಮಾಡಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುತ್ತಾರೆ, ಅದು ಸರಿಯಾದ ಬಳಕೆ. ಆದರೆ ತಾಮ್ರವು ಎಲೆಯಂತೆ ಕೊಳೆತು ಹೋಗುವ ವಸ್ತುವಲ್ಲ, ಹಾಕಿದಷ್ಟೂ ಮಣ್ಣಿನಲ್ಲಿ ಕೂಡುತ್ತದೆ. ಮಳೆಗೆ ಕೊಚ್ಚಿ ಕೆರೆ ಸೇರಿದರೆ ಮೀನಿಗೆ ವಿಷ. ತಾನಾಗಿ ಹೋಗುವ ನೆಂಟನನ್ನು ಓಡಿಸಲು ಮನೆಗೆ ಬೆಂಕಿ ಹಚ್ಚಬೇಕೇ?

ನಿಮ್ಮ ಕೆರೆಯ ಹಾವಸೆಗೆ ಜಗತ್ಪ್ರಸಿದ್ಧ ಸೋದರಿಯೊಬ್ಬಳಿದ್ದಾಳೆ. ಫಿಸ್ಕೊಮಿಟ್ರಿಯಮ್ ಪೇಟೆನ್ಸ್ ಎಂದು ಹೆಸರು, ಬಹುಕಾಲ ಫಿಸ್ಕೊಮಿಟ್ರೆಲ್ಲ ಎಂದು ಕರೆಯುತ್ತಿದ್ದರು. ಯುರೋಪಿನಲ್ಲಿಯೂ ಅದು ಕೆರೆಕುಂಟೆಗಳ ನೀರು ಇಳಿದ ಕೆಸರಿನಲ್ಲಿಯೇ ಏಳುತ್ತದೆ. 1962ರಲ್ಲಿ ಇಂಗ್ಲೆಂಡಿನ ಗ್ರಾನ್ಸ್‌ಡೆನ್ ಕಾಡಿನಿಂದ ವೈಟ್‌ಹೌಸ್ ಎಂಬ ವಿಜ್ಞಾನಿ ತಂದ ಮಾದರಿಯ ಒಂದೇ ಒಂದು ಬೀಜಕಣದ ಸಂತಾನ ಇಂದು ಲೋಕದ ಎಷ್ಟೋ ಪ್ರಯೋಗಾಲಯಗಳ ಗಾಜಿನ ತಟ್ಟೆಗಳಲ್ಲಿ ಬೆಳೆಯುತ್ತಿದೆ. ಬೇಕೆಂದ ಜೀನನ್ನು ಬೇಕೆಂದ ಜಾಗದಲ್ಲಿ ಬದಲಿಸಲು ಈ ಹಾವಸೆ ಒಗ್ಗುವಷ್ಟು ಸುಲಭವಾಗಿ ಬೇರೆ ಗಿಡಗಳು ಒಗ್ಗುವುದಿಲ್ಲ. 2008ರಲ್ಲಿ ಅದರ ಪೂರ್ತಿ ಜೀನೋಮ್ ಪ್ರಕಟವಾಯಿತು, ಹಾವಸೆಗಳಲ್ಲಿ ಮೊದಲನೆಯದು. ಫ್ಯಾಬ್ರಿ ಎಂಬ ಆನುವಂಶಿಕ ಕಾಯಿಲೆಯವರಿಗೆ ಕೊರತೆಯಾಗುವ ಕಿಣ್ವವನ್ನು ಈ ಹಾವಸೆಯಲ್ಲೇ ತಯಾರಿಸಿ ರೋಗಿಗಳ ಮೇಲೆ ಪರೀಕ್ಷಿಸಿದ್ದೂ ಆಗಿದೆ. ಕೆಸರಿನ ಗಿಡವೆಂದು ಮಗಳ ಗೆಳತಿಯರು ನಕ್ಕರೆ ಇದನ್ನು ಹೇಳಲಿ.

ನಿಮ್ಮೂರಿಗೆ ಮಾಗಡಿ ಕೆರೆ ದೂರವಿಲ್ಲ. 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿ ಸೇರಿದ ಆ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ಎಲ್ಲರೂ ತಲೆಯೆತ್ತಿ ಅವನ್ನು ನೋಡುತ್ತಾರೆ. ಮಗಳು ಅಲ್ಲಿಗೆ ಹೋದಾಗ ಅವುಗಳ ಕಾಲ ಕೆಳಗಿನ ಕೆಸರನ್ನೂ ನೋಡಲಿ. ಆರ್ಕ್‌ಟಿಕ್‌ನಿಂದ ದಕ್ಷಿಣ ಅಮೆರಿಕಕ್ಕೆ ವಲಸೆ ಹೋಗುವ ಹಕ್ಕಿಗಳ ಪುಕ್ಕಗಳಲ್ಲಿ ಹಾವಸೆಯ ತುಣುಕುಗಳು ಸಿಕ್ಕಿವೆ. ಕೆರೆಯಿಂದ ಕೆರೆಗೆ ಹಾರುವ ಬಾತಿನ ಪಾದದ ಕೆಸರಿನಲ್ಲಿ ಬೀಜಕಣಗಳು ಹೋಗಿಬರುತ್ತವೆ ಎಂದರೆ ನನಗೇನೂ ಆಶ್ಚರ್ಯವಾಗದು.

ಒಂದು ಹೊಟ್ಟೆನೋವಿನ ಮಾತು. ನಾನು ವರ್ಷಗಟ್ಟಲೆ ಫಿಸ್ಕೊಮಿಟ್ರಿಯಮ್ ನೋಡುತ್ತಿದ್ದ ನಗರದ ಕೆರೆಯೊಂದಕ್ಕೆ ಸುತ್ತ ಕಲ್ಲಿನ ಗೋಡೆ ಕಟ್ಟಿ, ಮೇಲೆ ಬಣ್ಣದ ಟೈಲ್ಸ್ ಹಾಸಿದರು. ಈಗ ಅಲ್ಲಿ ನೀರು ಇಳಿದರೂ ಗೋಡೆಯ ಗುಂಟ ಇಳಿಯುತ್ತದೆ, ಅಂಗಳ ಎನ್ನುವುದೇ ಇಲ್ಲ. ಗೋಡೆಯ ಮೇಲೆ ಇನ್ನೊಂದು ಹಾವಸೆ ಬಂದಿದೆ, ಹಯೊಫಿಲ ಇನ್ವಾಲ್ಯೂಟ. ಅದರ ಸ್ವಭಾವ ತದ್ವಿರುದ್ಧ: ಒಣಗಿದರೆ ಎಲೆಗಳನ್ನು ಒಳಕ್ಕೆ ಸುರುಳಿ ಸುತ್ತಿಕೊಂಡು ಸತ್ತಂತೆ ಬಿದ್ದಿರುತ್ತದೆ, ಒಂದು ಹನಿ ನೀರು ತಾಗಿದರೆ ನೀವು ನೋಡುತ್ತಿರುವಾಗಲೇ ಅರಳುತ್ತದೆ. ಸೊಗಸಾದ ಗಿಡವೇ, ನನಗೆ ಅದರ ಮೇಲೆ ಕೋಪವಿಲ್ಲ. ಆದರೆ ಕೆರೆ ಏರಿ ಇಳಿಯುವ ಲೆಕ್ಕವನ್ನೇ ನಂಬಿ ಬದುಕುವ ಗಿಡಕ್ಕೆ ಅಲ್ಲಿ ಜಾಗ ಉಳಿಯಲಿಲ್ಲ. ನಿಮ್ಮ ಊರ ಕೆರೆಗೆ ಇನ್ನೂ ಅಂಗಳವಿದೆ ಎಂಬುದು ನಿಮ್ಮ ಫೋಟೊ ನೋಡಿದಾಗ ನನಗೆ ಮೊದಲು ಹೊಳೆದ ಸಂಗತಿ.

ಜಾತಿಯ ಹೆಸರು ಫೋಟೊದಿಂದ ಹೇಳುವಂಥದ್ದಲ್ಲ, ಬೀಜಕಣದ ಮೈಮೇಲಿನ ಮುಳ್ಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೀರ್ಮಾನಿಸಬೇಕು. ಮಗಳಿಗೆ ಆಸಕ್ತಿಯಿದ್ದರೆ ಮಾದರಿ ಕಳುಹಿಸಲಿ. ಬುರುಡೆಗಳು ಕಂದಾಗಿ, ಇನ್ನೂ ಬಾಯಿ ತೆರೆಯದಿರುವಾಗ, ಐದು ರೂಪಾಯಿ ನಾಣ್ಯದಷ್ಟು ಅಗಲದ ಹೆಂಟೆಯನ್ನು ಚಮಚೆಯಿಂದ ಎತ್ತಬೇಕು. ಪ್ಲಾಸ್ಟಿಕ್ ಚೀಲ ಬೇಡ, ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಹಳೆಯ ದಿನಪತ್ರಿಕೆಯನ್ನು ಕಿರಾಣಿ ಅಂಗಡಿಯ ಪೊಟ್ಟಣದಂತೆ ಮಡಿಚಿ, ಅದರಲ್ಲಿಟ್ಟು ನೆರಳಿನಲ್ಲಿ ಆರಿಸಲಿ. ಹೊರಗೆ ಪೆನ್ಸಿಲ್ಲಿನಲ್ಲಿ ದಿನಾಂಕ, ಕೆರೆಯ ಹೆಸರು ಮತ್ತು ಅಂದು ನೀರಿನ ಅಂಚು ಅಲ್ಲಿಂದ ಎಷ್ಟು ಹೆಜ್ಜೆ ದೂರವಿತ್ತು ಎಂಬುದನ್ನು ಬರೆಯಲಿ. ಹೆಜ್ಜೆಯ ಲೆಕ್ಕವನ್ನು ಮರೆಯಬಾರದು.